ಗುಂಡಿಟ್ಟು ಹೊಡೀಬೇಕು ಅಂತೀವಲ್ಲ, ಯಾರಿಗೆ?

ನಮಸ್ಕಾರ. ಕಲಬುರಗಿಯಿಂದ ಮಾತಾಡ್ತಿದ್ದೀನಿ. ಫ್ಯಾನಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ, ಈ ಬಿಸಿಲಿಗೆ ಅದನ್ನು ಆಫ್ ಮಾಡೋ ಧೈರ್ಯ ನನಗಿಲ್ಲ.

2025ರ ಜನವರಿ 16 ನೆನಪಿದೆಯಾ? ಬೀದರ್ ನಗರದಲ್ಲಿ ಹಾಡಹಗಲೇ, ಎಟಿಎಂಗೆ ತುಂಬುವ ಹಣ ತಂದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಹಣದ ಪೆಟ್ಟಿಗೆ ಎತ್ತಿಕೊಂಡು ಹೋದರು. ಹೊಟ್ಟೆಪಾಡಿಗೆ ಆ ಕೆಲಸ ಮಾಡುತ್ತಿದ್ದ ಒಬ್ಬ ಸತ್ತೇ ಹೋದ. ಆ ಸಂಜೆ ಗಂಜ್ ಹತ್ತಿರ ನಾನು ದಿನಾ ಹೋಗುವ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಅಂಗಡಿಯವರು ಸುಸಲಾ ಪ್ಲೇಟು ನನ್ನ ಮುಂದೆ ಇಟ್ಟು ಅಂದರು: "ಇಂಥೋರಿಗಿ ಕೋರ್ಟು-ಗೀರ್ಟು ಯಾಕ್ ಬೇಕ್ರೀ ಸರ? ನಿಂದರ್ಸಿ ಗುಂಡು ಹೊಡೀಬೇಕು. ಅದ್ಯಾವ್ದೋ ದೇಶ ಅದಲ್ರೀ, ಮೊಬೈಲ್‌ನ್ಯಾಗ ತೋರಸ್ತಾರ, ಎಲ್ಲಾರ ತಲಿ ಬೋಳಿಸಿ ಸಾಲಾಗಿ ಕುಂದರ್ಸಿರ್ತಾರ. ಹಂಗ ಮಾಡ್ಬೇಕು."

ಆ ದೇಶದ ಹೆಸರು ಎಲ್ ಸಾಲ್ವಡಾರ್, ಮಧ್ಯ ಅಮೆರಿಕದಲ್ಲಿದೆ. ಮನೆಗೆ ಬಂದು ಅದರ ಬಗ್ಗೆ ಓದುತ್ತಾ ಕೂತೆ. ಒಂದು ಅಂಕಿ ನೋಡಿ ಬೆಚ್ಚಿದೆ. ಅದರ ವಿಸ್ತೀರ್ಣ ಸುಮಾರು 21 ಸಾವಿರ ಚದರ ಕಿಲೋಮೀಟರ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಸೇರಿಸಿದರೆ ಹೆಚ್ಚುಕಮ್ಮಿ ಅಷ್ಟೇ! ಜನಸಂಖ್ಯೆ ಅಲ್ಲಿ 60 ಲಕ್ಷ. ನಮ್ಮ ಮೂರು ಜಿಲ್ಲೆಯದು 2011ರ ಜನಗಣತಿಯಲ್ಲೇ 54 ಲಕ್ಷ. ಅಂದರೆ ಆ ದೇಶವನ್ನು ಎತ್ತಿ ತಂದು ಇಲ್ಲಿ ಇಟ್ಟರೆ ಸರಿಯಾಗಿ ಕೂರುತ್ತೆ.

ಅಲ್ಲಿನ ಜನ ಅನುಭವಿಸಿದ್ದು ಸಣ್ಣ ಕಷ್ಟ ಅಲ್ಲ. ಎಂಎಸ್-13, ಬಾರಿಯೋ 18 ಅಂತ ಗ್ಯಾಂಗುಗಳು. ಬಸ್ಸಿನವರು, ಅಂಗಡಿಯವರು ಹಫ್ತಾ ಕೊಡಲೇಬೇಕು. 2015ರ ಒಂದೇ ವರ್ಷದಲ್ಲಿ 6,600ಕ್ಕೂ ಜಾಸ್ತಿ ಕೊಲೆ. 2022ರ ಮಾರ್ಚ್ ಕೊನೆಯಲ್ಲಿ ಮೂರೇ ದಿನದಲ್ಲಿ 87 ಹೆಣ ಬಿದ್ದವು. ಆಗ ಅಧ್ಯಕ್ಷ ನಯೀಬ್ ಬುಕೆಲೆ ತುರ್ತು ಸ್ಥಿತಿ ಹೇರಿದರು. 30 ದಿನಕ್ಕೆ ಅಂತ ಹೇರಿದ್ದನ್ನು ತಿಂಗಳು ತಿಂಗಳೂ ಮುಂದುವರಿಸಿ ಮೂರು ವರ್ಷ ದಾಟಿಸಿದರು. 80 ಸಾವಿರಕ್ಕೂ ಜಾಸ್ತಿ ಜನ ಒಳಗೆ ಹೋದರು. 2024ರಲ್ಲಿ ಸರ್ಕಾರದ ಲೆಕ್ಕದ ಪ್ರಕಾರ ಇಡೀ ವರ್ಷಕ್ಕೆ 114 ಕೊಲೆ. ಅದೇ ವರ್ಷದ ಚುನಾವಣೆಯಲ್ಲಿ ಬುಕೆಲೆಗೆ ನೂರಕ್ಕೆ 80ಕ್ಕಿಂತ ಜಾಸ್ತಿ ಮತ.

ಕೊಲೆ 2021ರ ಹೊತ್ತಿಗೇ 1,147ಕ್ಕೆ ಇಳಿದಿತ್ತು, ದೊಡ್ಡ ಇಳಿತ ಆಗಿದ್ದು ತುರ್ತು ಸ್ಥಿತಿಗೂ ಮುಂಚೆ. ಇದನ್ನು ರೀಲ್ಸ್‌ನಲ್ಲಿ ಯಾರೂ ಹೇಳಲ್ಲ. ಆದರೆ ಹಫ್ತಾ ನಿಂತಿದ್ದು, ರಾತ್ರಿ ಹೊರಗೆ ಓಡಾಡೋಕೆ ಆಗಿದ್ದು ಆಮೇಲೇ. ಹಾಗಾಗಿ "ಗಟ್ಟಿ ಕ್ರಮದಿಂದ ಏನೂ ಆಗಲ್ಲ" ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಸಂಜೆ ಕೊನೆಯ ಬಸ್ಸಿನಲ್ಲಿ ಊರಿಗೆ ಹೋಗುವ ಹುಡುಗಿಗೆ ಭಯ ಇಲ್ಲದೆ ಮನೆ ಮುಟ್ಟೋದೇ ಸ್ವಾತಂತ್ರ್ಯ. ಸಂವಿಧಾನದ ಕಲಂ ನಂಬರು ಹೇಳಿ ಆಕೆಯ ಬಾಯಿ ಮುಚ್ಚಿಸಬಾರದು.

ಈಗ ಆ 80 ಸಾವಿರವನ್ನು ನಮ್ಮ ಕಡೆಗೆ ತನ್ನಿ. 75 ಜನಕ್ಕೆ ಒಬ್ಬರು. ಮೂರು ಸಾವಿರ ಜನರ ಒಂದು ಊರು ಅಂದರೆ 40 ಮಂದಿ. ಹೆಚ್ಚಿನವರು ವಯಸ್ಸಿನ ಹುಡುಗರು. ನಿಮ್ಮೂರಿನಲ್ಲಿ 40 ಗೂಂಡಾಗಳಿದ್ದಾರಾ? ಬೆರಳು ಮಡಚಿ ಎಣಿಸಿ. ನಮ್ಮೂರಿನಲ್ಲಿ ನಾನು ಎಣಿಸಿದೆ. ಎಷ್ಟೇ ಸಿಟ್ಟಿನಿಂದ ಎಣಿಸಿದರೂ ಆರು ದಾಟಲಿಲ್ಲ. ಉಳಿದ 34 ಯಾರು?

ಅಲ್ಲಿ ಹಚ್ಚೆ ನೋಡಿ ಹಿಡಿದರು. ಹೆಸರು ಹೇಳದವರ ಫೋನ್ ಕರೆ ನಂಬಿ ಹಿಡಿದರು. ಎಂಟು ಸಾವಿರ ನಿರಪರಾಧಿಗಳನ್ನು ಬಿಟ್ಟಿದ್ದೇವೆ ಅಂತ ಬುಕೆಲೆ ತಾವೇ ಹೇಳಿದ್ದಾರೆ. ಎಂಟು ಸಾವಿರ! ಒಳಗೇ ಸತ್ತವರು ಮುನ್ನೂರಕ್ಕೂ ಜಾಸ್ತಿ ಅಂತ ಅಲ್ಲಿನ ಮಾನವ ಹಕ್ಕು ಸಂಘಟನೆಗಳ ಲೆಕ್ಕ. ಒಣಗಿದ್ದರ ಜೊತೆ ಹಸಿಯೂ ಸುಟ್ಟಿತು ಅಂತೀವಲ್ಲ, ಅದೇ.

"ನಮ್ಮ ಜನ ಹಾಗಲ್ಲ, ಕಳ್ಳ ಯಾರು ಅಂತ ನಮಗೆ ಗೊತ್ತಾಗುತ್ತೆ" ಅಂತೀರಾ? ಹಾಗಾದರೆ ಮುರ್ಕಿಯ ಮಾತು ಎತ್ತಲೇಬೇಕು. 2018ರ ಜುಲೈ, ಅದೇ ಬೀದರ್ ಜಿಲ್ಲೆ. ಕಾರಿನಲ್ಲಿ ಬಂದ ಕೆಲವು ಸ್ನೇಹಿತರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹರಿಯಿತು. ಮುರ್ಕಿಯಲ್ಲಿ ಜನ ಅವರ ಮೇಲೆ ಮುಗಿಬಿದ್ದರು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಜೀವ ಹೋಯಿತು. ಬಿಡಿಸೋಕೆ ಹೋದ ಪೊಲೀಸರೂ ಪೆಟ್ಟು ತಿಂದರು. ಆ ಪೊಲೀಸರು ಕಾಪಾಡುತ್ತಿದ್ದುದು ಯಾರನ್ನು? ಗುಂಪಿನ ಕಣ್ಣಿಗೆ, ಮಕ್ಕಳ ಕಳ್ಳರನ್ನು. ಆ ಗುಂಪಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಅವರೂ ಊರಿನ ಮಕ್ಕಳನ್ನು ಉಳಿಸ್ತಿದ್ದೀವಿ ಅಂದುಕೊಂಡೇ ಕಲ್ಲು ಎತ್ತಿದ್ದು.

2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ ಅತ್ಯಾಚಾರ-ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಎನ್‌ಕೌಂಟರ್‌ನಲ್ಲಿ ಸತ್ತರು. ಜನ ಪೊಲೀಸರ ಮೇಲೆ ಹೂ ಚೆಲ್ಲಿದರು. ನಿಜ ಹೇಳ್ತೀನಿ, ಅವತ್ತು ನಾನೂ ಸ್ಟೇಟಸ್ ಹಾಕಿದ್ದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರಿಗೆ 18 ತುಂಬಿರಲಿಲ್ಲ ಅಂತ ಅದರಲ್ಲಿದೆ. ಅವರೇ ಮಾಡಿದ್ದರಾ? ವಿಚಾರಣೆಯೇ ನಡೆಯಲಿಲ್ಲ, ಹೇಗೆ ಹೇಳೋದು? ಆ ಸ್ಟೇಟಸ್ 24 ಗಂಟೆಗೆ ತಾನಾಗೇ ಅಳಿಸಿಹೋಯಿತು.

24 ಗಂಟೆ ಅಂದಾಗ ನೆನಪಾಯ್ತು. ಹಿಡಿದವರನ್ನು ಅಷ್ಟರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು ಅಂತ ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತೆ. ಕಳ್ಳರಿಗೆ ಕೊಟ್ಟ ಸವಲತ್ತು ಅಂತ ಬೈತೀವಿ. ತಪ್ಪಾಗಿ ಸಿಕ್ಕ ಆ 34 ಮಂದಿಗೆ ಹೊರಗೆ ಬರೋಕೆ ಇರೋ ಮೊದಲ ಬಾಗಿಲೇ ಅದು. ಎಲ್ ಸಾಲ್ವಡಾರ್ ಮೊದಲು ಮುಚ್ಚಿದ್ದೇ ಆ ಬಾಗಿಲನ್ನು: 72 ಗಂಟೆ ಇದ್ದಿದ್ದನ್ನು 15 ದಿನ ಮಾಡಿತು. ನಮ್ಮ ಪೊಲೀಸರ ಕೈ ಏನೂ ಖಾಲಿ ಇಲ್ಲ. ಗಡಿಪಾರು ಇದೆ, ರೌಡಿ ಶೀಟ್ ಇದೆ. 1985ರ ಗೂಂಡಾ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ 12 ತಿಂಗಳವರೆಗೂ ಇಡಬಹುದು. ಬಳಸಲಿ. ಆದರೆ ಯಾಕೆ ಹಿಡಿದಿರಿ ಅಂತ ಕೇಳೋ ಒಬ್ಬರು ಆಚೆ ಇರಲೇಬೇಕು. ಅದೂ ಪೊಲೀಸ್ ಇಲಾಖೆಯ ಹೊರಗಿನವರು.

ಮೊನ್ನೆ ಚಹಾದಂಗಡಿಯವರಿಗೆ ಇಷ್ಟನ್ನೂ ಹೇಳಿದೆ. ಅರ್ಧ ಕೇಳಿದರು, ಅರ್ಧ ಗಿರಾಕಿ ನೋಡಿದರು. "ನಮ್ಮ ಹುಡುಗ್ರಿಗಿ ಯಾಕ್ ಹಿಡೀತಾರ್ರೀ ಸರ?" ಅಂದರು. ನಾನಂದೆ: ಅಲ್ಲಿ ಆದ ಹಾಗೆ ಇಲ್ಲೂ ಹೆಸರು ಹೇಳದೆ ಒಂದು ಫೋನ್ ಮಾಡಿದರೆ ಸಾಕು ಅಂತ ಇಟ್ಕೊಳ್ಳಿ. ನಿಮ್ಮ ಮಗನ ಹೆಸರು ಹೇಳೋರು ಯಾರಾದರೂ ಇದ್ದಾರಾ?

ಅವರ ಕಾಕಾನ ಮಕ್ಕಳ ಜೊತೆ ಹೊಲದ ಬದುವಿನ ಕೇಸು ಹತ್ತು ವರ್ಷದಿಂದ ನಡೀತಿದೆ. ಅವರು ಚಹಾ ಸೋಸೋದನ್ನು ನಿಲ್ಲಿಸಿದರು.