ಬುಲೆಟ್‌ಗೆ ಪರ್ಫಾರ್ಮೆನ್ಸ್ ಕ್ಯಾಮ್: ಯಾವ ಪಾರ್ಟ್ಸ್ ಬೇಕು, ಯಾವುದು ಬೇಡ | ಹುಬ್ಬಳ್ಳಿ ವ್ಲಾಗ್

ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿಸಲು ಎಂಜಿನ್‌ನ ಬಲಗಡೆಯ ಕವರ್ ಬಿಚ್ಚಿದ್ದೇವೆ. ಹೇಗೆ ಬಿಚ್ಚಿದೆವು ಅಂತ ಹೇಳುವುದಿಲ್ಲ, ಕಾಣುತ್ತಿದೆಯಲ್ಲ. ಗಾಡಿ ನನ್ನದೇ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಹಳೆಯ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್, ಕಾರ್ಬ್ಯುರೇಟರ್ ಇರುವುದು. ಜಾಗ ಗೋಕುಲ ರೋಡ್ ಕಡೆಯ ಗ್ಯಾರೇಜ್. ಹಿಂದೆ ಕೇಳುತ್ತಿರುವುದು ಪಕ್ಕದ ಲೇತ್ ಅಂಗಡಿಯ ಸದ್ದು. ಸ್ವಲ್ಪ ಸಹಿಸಿಕೊಳ್ಳಿ, ಆ ಲೇತ್ ಇವತ್ತು ನಮ್ಮ ಕೆಲಸಕ್ಕೇ ಬಂತು.

ಕ್ಯಾಮ್ ಅಂದರೆ ಎಂಜಿನ್‌ಗೆ ಮಿಶ್ರಣ ಬಿಡುವ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆಸುವ ಉಬ್ಬಿರುವ ಭಾಗ. ಈ ಎರಡು ಗೇರ್ ನೋಡಿ. ಒಂದು ಇನ್‌ಲೆಟ್ ಕ್ಯಾಮ್, ಇನ್ನೊಂದು ಎಕ್ಸಾಸ್ಟ್ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್ ಟ್ಯಾಪೆಟ್ ಅನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡ್ ಎಂಬ ಉದ್ದ ಕಡ್ಡಿಯನ್ನು, ಪುಶ್‌ರಾಡ್ ರಾಕರ್ ಎಂಬ ಸನ್ನೆಯನ್ನು, ರಾಕರ್ ವಾಲ್ವ್ ಒತ್ತುತ್ತದೆ. 2021ರ ನಂತರದ ಹೊಸ ಕ್ಲಾಸಿಕ್ ಇರುವವರಿಗೆ ಇವತ್ತಿನ ಅರ್ಧ ಮಾತು ಅನ್ವಯಿಸುವುದಿಲ್ಲ. ಅದರಲ್ಲಿ ಕ್ಯಾಮ್ ಮೇಲೆ ಹೆಡ್‌ನಲ್ಲೇ ಇದೆ, ಚೈನ್‌ನಿಂದ ತಿರುಗುತ್ತದೆ, ಪುಶ್‌ರಾಡೇ ಇಲ್ಲ. ಆರ್‌ಎಕ್ಸ್ 100 ಇಟ್ಟುಕೊಂಡ ಗೆಳೆಯರೂ ಕೇಳುತ್ತಾರೆ. ಅದು ಟೂ ಸ್ಟ್ರೋಕ್, ಅದರಲ್ಲಿ ಕ್ಯಾಮ್ ಇರುವುದಿಲ್ಲ. ಸಿಲಿಂಡರ್‌ನ ಪೋರ್ಟ್‌ಗಳೇ ಆ ಕೆಲಸ ಮಾಡುತ್ತವೆ. ಅದು ಬೇರೆಯೇ ಲೋಕ, ಇನ್ನೊಂದು ದಿನ ನೋಡೋಣ.

ಕ್ಯಾಮ್ ಹಾಕಿಸಬೇಕು ಅಂದಾಗ ಕಾಕಾ, ಅಂದರೆ ನಮ್ಮ ಮಿಸ್ತ್ರಿ, ಮೊದಲು ಕೇಳಿದ್ದು ಒಂದೇ. "ತಮ್ಮಾ, ಕ್ಯಾಮ್ ಆಮ್ಯಾಲೆ. ಗಾಡಿ ಎಲ್ಲಿ ಓಡಸ್ತಿ, ಅದನ್ನ ಮೊದಲ ಹೇಳು." ನಾನು ವಾರವೆಲ್ಲಾ ಹುಬ್ಬಳ್ಳಿ-ಧಾರವಾಡ ಓಡಾಡುತ್ತೇನೆ. ರಜೆ ಸಿಕ್ಕರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ. ಬರುವಾಗ ಅದೇ ಘಟ್ಟ ಹತ್ತಬೇಕು. ಹಿಂದೆ ಒಬ್ಬರು ಕೂತಿರುತ್ತಾರೆ, ಮುಂದೆ ಸಾಲಾಗಿ ಲಾರಿ. ಆಗ ನನಗೆ ಬೇಕಾಗುವ ಎಳೆತ 2,500ರಿಂದ 4,000 ಆರ್‌ಪಿಎಮ್ ಒಳಗಿನದು.

ದೊಡ್ಡ ಕ್ಯಾಮ್ ಅಂದರೆ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಜಾಸ್ತಿ ಎತ್ತರಕ್ಕೆ ಏಳುತ್ತದೆ. ಇನ್‌ಲೆಟ್ ತಡವಾಗಿ ಮುಚ್ಚಿದರೆ ಕಡಿಮೆ ವೇಗದಲ್ಲಿ ಒಳಗೆ ಬಂದ ಮಿಶ್ರಣ ವಾಪಸ್ ಹೊರಗೆ ಹೋಗುತ್ತದೆ. ಕೆಳಗಿನ ಎಳೆತ ಕಡಿಮೆಯಾಗುತ್ತದೆ, ಮೇಲಿನದು ಹೆಚ್ಚುತ್ತದೆ. ಆದರೆ ನಮ್ಮ ಎಂಜಿನ್‌ಗೆ ಮೇಲೆ ಹೋಗಲು ಜಾಗ ಎಲ್ಲಿದೆ? ಬೋರ್, ಅಂದರೆ ಸಿಲಿಂಡರ್‌ನ ಅಗಲ, 70 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 90. ಕಂಪನಿ ಹೇಳುವ 19.8 ಬಿಎಚ್‌ಪಿ ಬರುವುದು 5,250 ಆರ್‌ಪಿಎಮ್‌ನಲ್ಲಿ. ಅಲ್ಲೇ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 15.75 ಮೀಟರ್. 6,500ಕ್ಕೆ ಎಳೆದರೆ 19.5 ಮೀಟರ್. ಇಷ್ಟು ಉದ್ದ ಸ್ಟ್ರೋಕ್ ಇರುವ ಗಾಡಿಯನ್ನು ದಿನಾ ಹಾಗೆ ಓಡಿಸುವುದು ಸರಿಯಲ್ಲ. ಕಂಪ್ರೆಷನ್, ಅಂದರೆ ಮಿಶ್ರಣವನ್ನು ಒತ್ತುವ ಅನುಪಾತ, ಅದೂ 8.5:1 ಮಾತ್ರ, ದೊಡ್ಡ ಕ್ಯಾಮ್‌ಗೆ ಅದು ಸಾಲುವುದಿಲ್ಲ. ಆದ್ದರಿಂದ ಸಣ್ಣ ಕ್ಯಾಮ್, ಕಂಪನಿಯದಕ್ಕಿಂತ ಸ್ವಲ್ಪವೇ ಹೆಚ್ಚು. ಇದರಲ್ಲಿ ನಾನು ಗಟ್ಟಿ.

ಈಗ ಈ ಡಬ್ಬಿ ನೋಡಿ. ನನಗೆ ಸಿಟ್ಟು ಬರಿಸಿದ್ದು ಇದೇ.

ಆನ್‌ಲೈನ್‌ನಲ್ಲಿ ತರಿಸಿದ್ದು, 11,500 ರೂಪಾಯಿ. ಮಾರಿದವರ ಹೆಸರು ಹೇಳುವುದಿಲ್ಲ. "ಕಂಪ್ಲೀಟ್ ಪರ್ಫಾರ್ಮೆನ್ಸ್ ಕಿಟ್" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಒಳಗೆ ಎರಡು ಕ್ಯಾಮ್, ಒಂದು ಸ್ಟಿಕ್ಕರ್. ವಾಲ್ವ್ ಮುಚ್ಚಿಸುವ ಸ್ಪ್ರಿಂಗ್ ಇಲ್ಲ, ಅದನ್ನು ಹಿಡಿದಿಡುವ ರಿಟೈನರ್ ಇಲ್ಲ, ಒಂದು ಪ್ಯಾಕಿಂಗ್ ಸಹ ಇಲ್ಲ. ಅದನ್ನೂ ಬಿಡಿ, ಸ್ಪ್ರಿಂಗ್ ಬೇರೆ ಕಡೆ ಸಿಗುತ್ತದೆ. ಕ್ಯಾಮ್ ಕಾರ್ಡ್, ಅಂದರೆ ಅದರ ಅಳತೆಯ ಚೀಟಿ, ಅದೇ ಇಲ್ಲ! ಕಾಕಾ ಡಬ್ಬಿ ಬೋರಲು ಹಾಕಿ ಕೊಡವಿದರು. "ಚೀಟಿ ಎಲ್ಲೈತೋ ಇದರದು?"

ಚೀಟಿ ಯಾಕೆ ಅಷ್ಟು ಮುಖ್ಯ ಅಂದರೆ, ಯಾವ ಪಾರ್ಟ್ ಬೇಕು ಅನ್ನುವುದನ್ನು ಅದೇ ಹೇಳುವುದು. ಲಿಫ್ಟ್, ಅಂದರೆ ಎತ್ತುವ ಎತ್ತರ, ಎಷ್ಟು, ವಾಲ್ವ್ ಕ್ರ್ಯಾಂಕ್ ಸುತ್ತಿನ ಯಾವ ಡಿಗ್ರಿಗೆ ತೆರೆಯುತ್ತದೆ, ಯಾವ ಡಿಗ್ರಿಗೆ ಮುಚ್ಚುತ್ತದೆ, ಎಲ್ಲ ಅದರಲ್ಲಿ ಇರಬೇಕು. ಲಿಫ್ಟ್ ಗೊತ್ತಿಲ್ಲದೆ ಸ್ಪ್ರಿಂಗ್ ಆರಿಸಲು ಬರುವುದಿಲ್ಲ. ಅದೂ ಕ್ಯಾಮ್ ಮೇಲಿನ ಲಿಫ್ಟ್ ಬೇರೆ, ವಾಲ್ವ್ ಮೇಲಿನ ಲಿಫ್ಟ್ ಬೇರೆ. ನಡುವೆ ರಾಕರ್ ಇದೆ, ಅದರ ಅನುಪಾತದಿಂದ ಗುಣಿಸಬೇಕು. ಡ್ಯುರೇಷನ್, ಅಂದರೆ ವಾಲ್ವ್ ಎಷ್ಟು ಡಿಗ್ರಿ ತೆರೆದಿರುತ್ತದೆ ಅನ್ನುವುದು, ಅದರ ಕಥೆ ಇನ್ನೂ ಕೆಟ್ಟದು. ವಾಲ್ವ್ ಕೂದಲೆಳೆಯಷ್ಟು ಎದ್ದ ಕ್ಷಣದಿಂದ ಅಳೆದರೆ ಒಂದು ಸಂಖ್ಯೆ, ಟ್ಯಾಪೆಟ್ 0.050 ಇಂಚು, ಅಂದರೆ 1.27 ಮಿ.ಮೀ. ಎದ್ದ ಮೇಲೆ ಅಳೆದರೆ ಇನ್ನೊಂದು. ಒಂದೇ ಕ್ಯಾಮ್‌ಗೆ 280 ಡಿಗ್ರಿ ಅಂತಲೂ ಬರೆಯಬಹುದು, 230 ಅಂತಲೂ ಬರೆಯಬಹುದು. ಎಲ್ಲಿಂದ ಅಳೆದಿದ್ದು ಅಂತ ಹೇಳದೆ ಬರೀ 280 ಅಂದರೆ ಅದು ಜಾಹೀರಾತು.

ಫೋನ್ ಮಾಡಿದೆ. ಲಿಫ್ಟ್ ಎಷ್ಟು ಅಂತ ಕೇಳಿದರೆ "ಸರ್, ಪಿಕಪ್ ಸೂಪರ್ ಇರುತ್ತೆ" ಅಂದರು. ಮತ್ತೆ ಕೇಳಿದೆ. "ಸ್ಟೇಜ್ 2 ಸರ್" ಅಂದರು. ಸ್ಟೇಜ್ 2 ಅಂದರೆ ಎಷ್ಟು ಮಿಲಿಮೀಟರ್? ಉತ್ತರವಿಲ್ಲ. ವಾಪಸ್ ತೆಗೆದುಕೊಳ್ಳಿ ಅಂದರೆ ಡಬ್ಬಿ ಒಡೆದಿದೆಯಂತೆ, ಆಗುವುದಿಲ್ಲವಂತೆ. ಡಬ್ಬಿ ಒಡೆಯದೆ ಒಳಗೆ ಚೀಟಿ ಇಲ್ಲ ಅಂತ ಹೇಗೆ ತಿಳಿಯಬೇಕು ಹೇಳಿ. ದುಡಿದು ಕೂಡಿಟ್ಟ ದುಡ್ಡು ಅದು. ಗದಗ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಎಷ್ಟೋ ಹುಡುಗರು ಹೀಗೇ ತರಿಸಿ, ಅಳತೆ ನೋಡದೆ ಹಾಕಿಸುತ್ತಾರೆ. ಆಮೇಲೆ ವಾಲ್ವ್ ಬಾಗಿದರೆ ಬೈಗುಳ ಬೀಳುವುದು ಮಿಸ್ತ್ರಿಗೆ. ಕ್ಯಾಮ್ ಕಾರ್ಡ್ ಫೋಟೋ ಕಳಿಸದವರ ಹತ್ತಿರ ಕ್ಯಾಮ್ ತೆಗೆದುಕೊಳ್ಳಬೇಡಿ. ಈ ವಿಡಿಯೊದಲ್ಲಿ ಇದೊಂದು ನೆನಪಿಟ್ಟರೂ ಸಾಕು.

ಹಾಂ, ಶಾಟ್ ಮುಂದೆ ಹೋಯಿತು. ಇದೇ ಲೇತ್ ಅಂಗಡಿ. ಅಲ್ಲಿನ ಅಣ್ಣ ಕ್ಯಾಮ್ ಅನ್ನು ಎರಡು ಸೆಂಟರ್ ನಡುವೆ ಹಿಡಿಸಿ, ಡಯಲ್ ಗೇಜ್ ಇಟ್ಟು, ಕೈಯಿಂದ ತಿರುಗಿಸುತ್ತಿದ್ದಾರೆ. ಮುಳ್ಳು ಎಷ್ಟು ಏಳುತ್ತದೋ ಅದೇ ಕ್ಯಾಮ್‌ನ ಲಿಫ್ಟ್. ಡಯಲ್‌ನ ತುದಿ ಚೂಪು, ಟ್ಯಾಪೆಟ್‌ನ ತಳ ಹಾಗಿಲ್ಲ. ಹಾಗಾಗಿ ಇಲ್ಲಿ ಸಿಗುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ, ಎತ್ತರವನ್ನು ನಂಬಿ. ದುಡ್ಡು ಕೇಳಿದರೆ ಬೇಡ ಅಂದರು. ನಾನೇ ಗಿರ್ಮಿಟ್ಟು, ಮಿರ್ಚಿ ತರಿಸಿದೆ. ಗಿರ್ಮಿಟ್ಟು ಮಾತ್ರ ಹುಬ್ಬಳ್ಳಿಯದೇ ತಿನ್ನಬೇಕು. ಧಾರವಾಡದವರು ಪೇಡೆ ಇಟ್ಟುಕೊಳ್ಳಲಿ, ಅದರಲ್ಲಿ ಜಗಳವಿಲ್ಲ. ಮಳೆ ಬೇರೆ ಶುರುವಾಗಿತ್ತು, ತಗಡಿನ ಮೇಲೆ ಆ ಸದ್ದು, ಬಿಸಿ ಮಿರ್ಚಿ... ಸರಿ, ಅಳತೆ ಬಂತು.

ಇನ್ನೊಂದು ವಿಷಯ ಹೊರಬಿತ್ತು. ಕ್ಯಾಮ್‌ನ ಉಬ್ಬು ಬಿಟ್ಟು ಉಳಿದ ದುಂಡನೆ ಭಾಗ ಇದೆಯಲ್ಲ, ಬೇಸ್ ಸರ್ಕಲ್, ಅದು ಕಂಪನಿಯ ಕ್ಯಾಮ್‌ಗಿಂತ ಚಿಕ್ಕದಿದೆ. ಅಂದರೆ ಹಳೆಯ ಕ್ಯಾಮ್ ಅನ್ನೇ ಮತ್ತೆ ಗ್ರೈಂಡ್ ಮಾಡಿದ್ದಾರೆ. ಗ್ರೈಂಡ್ ಮಾಡಿದ್ದೇ ತಪ್ಪು ಅನ್ನುವುದಿಲ್ಲ, ಒಳ್ಳೆಯ ಕೆಲಸಗಾರರು ಹಾಗೆಯೇ ಮಾಡುತ್ತಾರೆ. ಅದನ್ನು ಹೇಳಿ ಮಾರಬೇಕು. ಯಾಕೆಂದರೆ ವ್ಯಾಸ 1 ಮಿ.ಮೀ. ಕಡಿಮೆಯಾದರೆ ಟ್ಯಾಪೆಟ್ ಅರ್ಧ ಮಿ.ಮೀ. ಕೆಳಗೆ ಕೂರುತ್ತದೆ. ನಮ್ಮದು ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡದಿಂದ ಸಂದನ್ನು ತಾನೇ ತುಂಬಿಕೊಳ್ಳುವುದು. ಒಳಗಿನ ಪ್ಲಂಜರ್ ಯಾವಾಗಲೂ ಸ್ವಲ್ಪ ಒತ್ತಿಕೊಂಡಿರಬೇಕು. ಕೆಳಗೆ ಕೂತರೆ ಆ ಒತ್ತಡ ಹೋಗುತ್ತದೆ, ಟಕಟಕ ಸದ್ದು ಶುರು. ಹಳೆಯ ಕಾಸ್ಟ್ ಐರನ್ ಬುಲೆಟ್ ಆಗಿದ್ದರೆ ಸ್ಪ್ಯಾನರ್ ಹಾಕಿ ಪುಶ್‌ರಾಡ್ ಅಡ್ಜಸ್ಟ್ ಮಾಡಬಹುದಿತ್ತು. ಯುಸಿಇಯಲ್ಲಿ ಅದರ ಉದ್ದ ಬದಲಾಗುವುದಿಲ್ಲ. ಬೆಳಿಗ್ಗೆ ಪುಶ್‌ರಾಡ್ ಖರ್ಚು ದಂಡ ಅನ್ನುತ್ತಿದ್ದೆ. ಈಗ ಅಳತೆ ನೋಡಿದ ಮೇಲೆ ಹೇಳುತ್ತೇನೆ, ಈ ಕ್ಯಾಮ್‌ಗೆ ಉದ್ದದ ಪುಶ್‌ರಾಡ್ ಬೇಕೇ ಬೇಕು. ನಿಮ್ಮ ಕ್ಯಾಮ್‌ನ ಬೇಸ್ ಸರ್ಕಲ್ ಕಂಪನಿಯಷ್ಟೇ ಇದ್ದರೆ ಬೇಡ.

ಸ್ಪ್ರಿಂಗ್‌ಗೆ ಬರೋಣ. ಸ್ಪ್ರಿಂಗ್ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಒಪ್ಪಬೇಡಿ. ಅತಿ ಗಟ್ಟಿಯಾದರೆ ಕ್ಯಾಮ್, ಟ್ಯಾಪೆಟ್ ಎರಡೂ ಬೇಗ ಸವೆಯುತ್ತವೆ. ಮೆತ್ತಗಾದರೆ ಹೆಚ್ಚು ಆರ್‌ಪಿಎಮ್‌ನಲ್ಲಿ ವಾಲ್ವ್ ಕ್ಯಾಮ್ ಜೊತೆ ಇಳಿಯುವುದಿಲ್ಲ, ತೇಲುತ್ತದೆ. ನೋಡಬೇಕಾದ್ದು ಎತ್ತರ. ಸುಮ್ನೆ ಲೆಕ್ಕಕ್ಕೆ, ಹೆಡ್‌ನಲ್ಲಿ ಕೂರಿಸಿದಾಗ ಸ್ಪ್ರಿಂಗ್ 35 ಮಿ.ಮೀ., ಸುತ್ತುಗಳು ಒಂದಕ್ಕೊಂದು ತಾಗುವಷ್ಟು ಒತ್ತಿದರೆ 24 ಅಂತ ಇಟ್ಟುಕೊಳ್ಳಿ. ನಡುವೆ 11 ಇದೆ. ವಾಲ್ವ್ ಲಿಫ್ಟ್ 9.5 ಆದರೆ 1.5 ಉಳಿಯಿತು, ನಡೆಯುತ್ತದೆ. ಲಿಫ್ಟ್ 10.5 ಆದರೆ ಉಳಿಯುವುದು ಅರ್ಧ ಮಿ.ಮೀ., ಅದು ಬೇಡ. ಹಾಗೆಯೇ ವಾಲ್ವ್ ಪೂರ್ತಿ ಇಳಿದಾಗ ರಿಟೈನರ್ ಕೆಳಗಿನ ಆಯಿಲ್ ಸೀಲ್‌ಗೆ ಬಡಿಯಬಾರದು. ಅಲ್ಲೂ 1.5 ಮಿ.ಮೀ. ಬಿಡಿ.

ಈ ಮಕ್ಕಳ ಮೇಣ, ಅಂದರೆ ಆಟದ ಕ್ಲೇ, ಯಾಕೆ ಅಂತ ಅಂದುಕೊಂಡಿರಬಹುದು. ಪಿಸ್ಟನ್ ಮೇಲೆ ಇಟ್ಟು, ಹೆಡ್ ಬಿಗಿದು, ಕೈಯಿಂದ ಎಂಜಿನ್ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದರೆ ವಾಲ್ವ್‌ನ ಗುರುತು ಬಿದ್ದಿರುತ್ತದೆ. ಅಲ್ಲಿ ಮೇಣ ಎಷ್ಟು ದಪ್ಪ ಉಳಿದಿದೆ ಅಂತ ಅಳೆಯಬೇಕು. ಇನ್‌ಲೆಟ್‌ಗೆ 2, ಎಕ್ಸಾಸ್ಟ್‌ಗೆ 2.5 ಮಿ.ಮೀ. ಕನಿಷ್ಠ ಇರಲಿ ಅಂತ ಎಂಜಿನ್ ಕೆಲಸದವರ ರೂಢಿ. ಎಕ್ಸಾಸ್ಟ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಹೆಚ್ಚು ಬಿಡುವುದು. ಆದರೆ ಹೈಡ್ರಾಲಿಕ್ ಟ್ಯಾಪೆಟ್ ಇರುವಾಗ ಇದರಲ್ಲಿ ಒಂದು ಮೋಸ ಇದೆ. ಗಟ್ಟಿ ಸ್ಪ್ರಿಂಗ್ ಇದ್ದರೆ ಟ್ಯಾಪೆಟ್ ಒಳಗೆ ಕುಸಿಯುತ್ತದೆ, ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಜಾಗ ಬೇಕಾದಷ್ಟಿದೆ ಅನ್ನಿಸುತ್ತದೆ. ಅದಕ್ಕೇ ಕಾಕಾ ಇಲ್ಲಿ ತೀರಾ ಮೆತ್ತನೆಯ ಸ್ಪ್ರಿಂಗ್ ಹಾಕಿದ್ದು, ಪರೀಕ್ಷೆಗೆ ಮಾತ್ರ. ಜಾಗ ಸಾಕಷ್ಟಿದೆ, ನೋಡಿ. ಪಿಸ್ಟನ್ ಕೆತ್ತಿಸುವ ಖರ್ಚು ಉಳಿಯಿತು.

ಉಳಿದದ್ದು ಬೇಗ ಹೇಳುತ್ತೇನೆ, ಬ್ಯಾಟರಿ ಕೆಂಪಾಗಿದೆ. ನಮ್ಮ ಎಕ್ಸಾಸ್ಟ್ ಕ್ಯಾಮ್‌ನಲ್ಲಿ ಆಟೋ ಡಿಕಂಪ್ರೆಷನ್ ಇರುತ್ತದೆ, ಸ್ಟಾರ್ಟ್ ಮಾಡುವಾಗ ಭಾರ ಇಳಿಸಲು. ಹೊಸ ಕ್ಯಾಮ್‌ನಲ್ಲೂ ಅದು ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಸೆಲ್ಫ್ ಸ್ಟಾರ್ಟರ್‌ಗೆ ಹೊರೆ. ಇದರಲ್ಲಿ ಇದೆ. ಹೆಡ್ ಪ್ಯಾಕಿಂಗ್, ಕವರ್ ಪ್ಯಾಕಿಂಗ್, ವಾಲ್ವ್ ಸೀಲ್ ಎಲ್ಲ ಹೊಸದೇ ಹಾಕಿಸಿ, ಇದರಲ್ಲಿ ಉಳಿತಾಯ ನೋಡಬೇಡಿ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಜೆಟ್ ಒಂದು ಸೈಜ್ ಮೇಲಿನದು, ಒಂದು ಕೆಳಗಿನದು ತಂದಿಟ್ಟುಕೊಳ್ಳಿ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರ್‌ಗೂ ಮೇಲಿದೆ, ಅಂಕೋಲಾ ಸಮುದ್ರದ ಪಕ್ಕ, ಗಾಳಿಯ ಸಾಂದ್ರತೆ ಬೇರೆ ಬೇರೆ. ಎರಡೂ ಕಡೆ ಓಡಿಸಿ, ಪ್ಲಗ್‌ನ ಬಣ್ಣ ನೋಡಿ ತೀರ್ಮಾನಿಸಬೇಕು. ಸೈಲೆನ್ಸರ್ ಬೇಡ. ಇಷ್ಟು ಸಣ್ಣ ಕ್ಯಾಮ್‌ಗೆ ಕಂಪನಿಯದೇ ಸಾಕು, ಕೇಶ್ವಾಪುರದಲ್ಲಿ ರಾತ್ರಿ ಮಲಗಿದವರನ್ನು ಎಬ್ಬಿಸುವುದು ಪರ್ಫಾರ್ಮೆನ್ಸ್ ಅಲ್ಲ.

ಬೋರ್ ಕೂಡ ದೊಡ್ಡದು ಮಾಡಿಸು ಅನ್ನುವವರಿಗೆ ಒಂದು ಮಾತು. ಸಿಸಿ ಎಷ್ಟು ಅಂತ ಆರ್‌ಸಿಯಲ್ಲಿ ಬರೆದಿರುತ್ತದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ.

ಈಗ ನನ್ನ ಖರೀದಿ ಚೀಟಿಯಲ್ಲಿ ಇರುವುದು ಸ್ಪ್ರಿಂಗ್ ಮತ್ತು ರಿಟೈನರ್, ಉದ್ದದ ಪುಶ್‌ರಾಡ್ ಜೋಡಿ, ಪ್ಯಾಕಿಂಗ್ ಸೆಟ್, ಸೀಲ್, ಜೆಟ್, ಕ್ಯಾಮ್‌ಗೆ ಸವರುವ ಮೊಲಿ ಗ್ರೀಸ್. ಟ್ಯಾಪೆಟ್ ಹಳೆಯದೇ ಇರಲಿ ಅಂತಿದ್ದೆ, ಕಾಕಾ ಒಂದರ ತಳದಲ್ಲಿ ಗೆರೆ ತೋರಿಸುತ್ತಿದ್ದಾರೆ. ನೋಡಿ, ಇಲ್ಲಿ. ಸರಿ, ಟ್ಯಾಪೆಟ್ ಕೂಡ ಬರೆದುಕೊಂಡೆ. ಯುಸಿಇ 350ಗೆ ಬೇರೆ ಸ್ಪ್ರಿಂಗ್ ಹಾಕಿಸಿದವರು ಯಾರಾದರೂ ಇದ್ದರೆ, ಕೂರಿಸಿದಾಗ ಎತ್ತರ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಪಾರ್ಟ್ಸ್ ಅಂಗಡಿ ಮುಚ್ಚುವ ಹೊತ್ತಾಯಿತು, ಹೊರಟೆ.