ಬಾಗಿಲುವಾಡದಿಂದ ಅಡುಗೆ ಕಟ್ಟೆ

ನಮಸ್ಕಾರ ಕೇಳುಗರೇ.

ಎಲ್ಲಿ ನೋಡಿದರೂ ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಕೆಡವುವ ಮೊದಲೇ ಬಾಗಿಲು, ಕಿಟಕಿ, ತೊಲೆ ಎಲ್ಲ ಲಾರಿ ಹತ್ತಿ ಹಳೇ ಮರದ ಅಂಗಡಿ ಸೇರುತ್ತವೆ. ತೇಗ, ಹೊನ್ನೆ, ಹಲಸು, ಮತ್ತಿ. ಹತ್ತಾರು ವರ್ಷ ಒಣಗಿ ಗಟ್ಟಿಯಾದ ಮರ. ಹೊಸ ಮರಕ್ಕಿಂತ ಇದು ಬಾಗುವ, ಬಿರುಕು ಬಿಡುವ ಭಯ ಕಮ್ಮಿ. ಇಂಥ ಮರದಲ್ಲಿ ಅಡುಗೆಮನೆಯ ನಡುವೆ ನಿಲ್ಲುವ ಕಟ್ಟೆ, ಐಲ್ಯಾಂಡ್ ಅಂತಾರಲ್ಲ, ಅದನ್ನು ಮಾಡಿಕೊಳ್ಳೋದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯ ನೆಲ ಅಳೆಯಿರಿ. ಕಟ್ಟೆಯ ಸುತ್ತ ಓಡಾಡಲು 3 ಅಡಿ ಜಾಗ ಬೇಕು. ನಿಮ್ಮ ಅಡುಗೆಮನೆ 8 ಅಡಿ ಅಗಲ ಅಂದುಕೊಳ್ಳಿ. ಗೋಡೆ ಪಕ್ಕದ ಕಟ್ಟೆಗೆ 2 ಅಡಿ ಹೋಯಿತು, ಉಳಿದದ್ದು 6. ಅದರಲ್ಲಿ ಐಲ್ಯಾಂಡ್‌ಗೆ 2 ಅಡಿ ಕೊಟ್ಟರೆ ಎರಡೂ ಕಡೆ ತಲಾ 2 ಅಡಿ ಉಳಿಯುತ್ತದೆ. ಒಬ್ಬರು ಬಿಸಿ ಕುಕ್ಕರ್ ಹಿಡಿದು ತಿರುಗುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅಷ್ಟು ಇಕ್ಕಟ್ಟಾದರೆ ಈ ಆಸೆ ಬಿಡುವುದೇ ವಾಸಿ. ಜಾಗ ಸಾಕು ಅನ್ನಿಸಿದರೆ ಐಲ್ಯಾಂಡ್ ಬರುವ ಜಾಗದಲ್ಲಿ ಅದರ ಅಳತೆಗೆ ಹಳೇ ಪೇಪರ್ ಹಾಸಿ, ಅದನ್ನು ತುಳಿಯದೆ ನಾಲ್ಕು ದಿನ ಅಡುಗೆ ಮಾಡಿ ನೋಡಿ. ಫ್ರಿಜ್ ಬಾಗಿಲು ಪೂರ್ತಿ ತೆರೆಯುತ್ತದಾ, ಅದನ್ನೂ ನೋಡಿಕೊಳ್ಳಿ.

ಇನ್ನು ಎತ್ತರ. ಇದನ್ನು ಬಡಗಿಯ ಲೆಕ್ಕಕ್ಕೆ ಬಿಡಬೇಡಿ. ಮನೆಯಲ್ಲಿ ಜಾಸ್ತಿ ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಚಲಿ. ಮೊಣಕೈಯಿಂದ 4–5 ಇಂಚು ಕೆಳಗೆ ಕಟ್ಟೆಯ ಮೇಲ್ಮೈ ಬರಬೇಕು. ಚಪಾತಿ, ರೊಟ್ಟಿಯ ಕೆಲಸವೇ ಹೆಚ್ಚು ಅಂದರೆ ಇನ್ನೂ ಒಂದೆರಡು ಇಂಚು ಇಳಿಸಿ. ಲಟ್ಟಿಸುವಾಗ ಮೈಭಾರ ಬೀಳಬೇಕಲ್ವಾ? ಸೊಂಟನೋವಿಗೆ ಮುಲಾಮು ಹಚ್ಚಿಕೊಳ್ಳುವವರ ಮನೆಯಲ್ಲಿ ಮೊದಲು ಈ ಅಳತೆಯನ್ನೇ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಮರ. ಅಂಗಡಿಯಲ್ಲಿ ಎಲ್ಲರ ಕಣ್ಣು ಬೀಳುವುದು ಬಾಗಿಲ ಮೇಲೆ. ನೀವು ಬಾಗಿಲುವಾಡ ಹುಡುಕಿ. 4 ಇಂಚು ಅಗಲ, 3 ಇಂಚು ದಪ್ಪದ ಎರಡು ನಿಲುವು ಮರ, 7 ಅಡಿ ಉದ್ದ. ಒಂದೊಂದರಲ್ಲಿ ಎರಡೆರಡು ಕಾಲು, ಒಟ್ಟು ನಾಲ್ಕು ಕಾಲು ಸಿಕ್ಕೇ ಬಿಡುತ್ತವೆ. ನೆಲಕ್ಕೆ ತಾಗಿದ ತುದಿ ನೀರು ಕುಡಿದು ಮೆತ್ತಗಾಗಿರುತ್ತದೆ, ಗೆದ್ದಲು ಹತ್ತಿರುವುದೂ ಉಂಟು. ಅಷ್ಟನ್ನು ಕತ್ತರಿಸಿ ಬಿಸಾಡಿದರೂ ಮರ ಸಾಕಾಗುತ್ತದೆ. ಬಾಗಿಲು ಕೂರಲಿ ಅಂತ ಆ ಮರದ ಅಂಚಲ್ಲಿ ಉದ್ದಕ್ಕೂ ಒಂದು ಮೆಟ್ಟಿಲು ಕೊರೆದಿರುತ್ತಾರೆ. ಅದನ್ನು ತುಂಬಿಸಲು ಹೋಗಬೇಡಿ. ಎರಡು ಕಾಲುಗಳ ಮೆಟ್ಟಿಲು ಎದುರುಬದುರು ಬರುವಂತೆ ನಿಲ್ಲಿಸಿದರೆ, ಹಳೇ ಬಾಗಿಲಿನಿಂದ ಕೊಯ್ದ ಹಲಗೆ ಪಕ್ಕದ ಗೋಡೆಯಾಗಿ ಅಲ್ಲೇ ಕೂರುತ್ತದೆ.

ಕಾಲಿನ ಉದ್ದದ ಲೆಕ್ಕ ಹೀಗೆ. ಕಟ್ಟೆ 33 ಇಂಚು ಎತ್ತರ ಬೇಕು. ಕಟ್ಟೆಯನ್ನು ಬೇಕಾದ ಕಡೆ ತಳ್ಳಿಕೊಳ್ಳಲು ಕಾಲಿನಡಿ ಹಾಕುವ ಚಕ್ರ, ಫಿಟ್ಟಿಂಗ್ ಸೇರಿ 4 ಇಂಚು. ಮೇಲೆ ಮುಕ್ಕಾಲು ಇಂಚು ವಾಟರ್‌ಪ್ರೂಫ್ ಪ್ಲೈವುಡ್, ಅದರ ಮೇಲೆ ಅಷ್ಟೇ ದಪ್ಪದ ಕಲ್ಲು. ಎಲ್ಲ ಕಳೆದರೆ ಕಾಲು ಇಪ್ಪತ್ತೇಳೂವರೆ ಇಂಚು. ಗರಗಸ ಹಾಕುವ ಮೊದಲು ಮರದ ಉದ್ದಕ್ಕೂ ಒಂದು ಅಯಸ್ಕಾಂತ ಆಡಿಸಿ. ಪೇಂಟಿನಡಿ ಮುರಿದ ಮೊಳೆ ಇದ್ದರೆ ಟಕ್ ಅಂತ ಹಿಡಿಯುತ್ತದೆ. ಸಣ್ಣ ತೂತುಗಳಿಂದ ಹೊಸದಾಗಿ ಹಿಟ್ಟು ಉದುರುತ್ತಿದ್ದರೆ ಕುಟ್ಟೆ ಹುಳ ಇನ್ನೂ ಜೀವಂತ ಇದೆ ಅಂತ ಅರ್ಥ. ಎಷ್ಟೇ ಅಗ್ಗವಾದರೂ ಆ ಮರ ಬೇಡ.

ಪೇಂಟ್ ವಿಷಯದಲ್ಲಿ ಹುಷಾರು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 10 ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಬಾಗಿಲಿನ ಬಣ್ಣದಲ್ಲಿ ಸೀಸ ಎಷ್ಟಿದೆಯೋ ಹೇಳಲಾಗದು. ಒಣ ಉಪ್ಪುಕಾಗದದಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿಕೊಂಡು, ಮಾಸ್ಕ್ ಹಾಕಿ, ಮಕ್ಕಳಿಲ್ಲದ ಕಡೆ ಕೆರೆದು ತೆಗೆಯಿರಿ. ರೈಲು ಹಳಿಯಡಿಯ ಹಳೇ ಮರದ ಸ್ಲೀಪರ್‌ಗಳು ನೋಡಲು ಚೆಂದ, ಆದರೆ ಅವುಗಳಿಗೆ ಕ್ರಿಯೊಸೋಟ್, ಅಂದರೆ ಮರ ಕೊಳೆಯದಿರಲಿ ಅಂತ ಹಾಕುವ ವಿಷದ ಟಾರೆಣ್ಣೆ, ಕುಡಿಸಿರುತ್ತಾರೆ. ಅಡುಗೆಮನೆಗೆ ಬೇಡವೇ ಬೇಡ. ಫ್ಯಾಕ್ಟರಿಗಳಿಂದ ಬರುವ, ಸಾಮಾನು ಪೇರಿಸುವ ಪ್ಯಾಲೆಟ್ ಮರವಾದರೆ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬರೀ ಕಾಯಿಸಿದ್ದು. ಎಂಬಿ ಅಂತಿದ್ದರೆ ಹುಳ ಸಾಯಲಿ ಅಂತ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟದ್ದು, ಅಲ್ಲೇ ಬಿಟ್ಟು ಬನ್ನಿ.

ಮರಕ್ಕೆ ಅಗಸೆ ಎಣ್ಣೆ ಹಚ್ಚುತ್ತೀರಾದರೆ ಒಂದು ಮಾತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಮೇಲಿನ ಕಲ್ಲಿಗೆ ನನ್ನ ಓಟು ಗ್ರಾನೈಟ್ ತುಂಡಿಗೆ. ಕಲ್ಲಿನ ಅಂಗಡಿಗಳಲ್ಲಿ ದೊಡ್ಡ ಹಾಸು ಕೊಯ್ದು ಉಳಿದದ್ದು ಕಡಿಮೆ ಬೆಲೆಗೆ ಸಿಗುತ್ತದೆ. ಕಡಪ ಕಲ್ಲು ಅದಕ್ಕಿಂತ ಅಗ್ಗ, ನಿಜ. ಆದರೆ ಅದು ಸುಣ್ಣದ ಕಲ್ಲು. ನಿಂಬೆಹಣ್ಣು, ಹುಣಸೆರಸ ಬಿದ್ದಲ್ಲೆಲ್ಲ ಹುಳಿ ಅದನ್ನು ತಿಂದು ಮಂಕು ಕಲೆ ಉಳಿಸುತ್ತದೆ. ಸಾರು, ಗೊಜ್ಜು ಮಾಡುವ ಮನೆಯಲ್ಲಿ ಹುಳಿ ಬೀಳದೆ ಇರುತ್ತದಾ? 4 ಅಡಿ ಉದ್ದ, 2 ಅಡಿ ಅಗಲದ ಮುಕ್ಕಾಲು ಇಂಚಿನ ಗ್ರಾನೈಟ್ ಹತ್ತಿರ ಹತ್ತಿರ 40 ಕಿಲೋ ತೂಗುತ್ತದೆ. ಅದರ ಕೆಳಗೆ ಅಡ್ಡಪಟ್ಟಿ ಗಟ್ಟಿಯಾಗಿರಲಿ, ನಾಲ್ಕೂ ಚಕ್ರಕ್ಕೆ ಬ್ರೇಕ್ ಇರಲಿ. ಚಕ್ರ ಇರುವ ಕಟ್ಟೆಯ ಮೇಲೆ ಗ್ಯಾಸ್ ಒಲೆ ಇಡುವ ಮಾತೇ ಬೇಡ. ಮಿಕ್ಸಿಗೆ ಅಂತ ನೆಲದುದ್ದಕ್ಕೂ ವೈರ್ ಎಳೆಯುವುದೂ ಬೇಡ. ಗ್ರೈಂಡರನ್ನು ಕೆಳಗಿನ ಹಲಗೆಯ ಮೇಲಿಡಿ. ತಳ ಭಾರವಾದಷ್ಟೂ ಒಳ್ಳೆಯದು.

ಕೊನೆಗೊಂದು ಸಣ್ಣ ವಿಷಯ. ಅಂಚಿಗೆ ತಿರುಪು ಹಾಕಿ ನಿಲ್ಲಿಸುವ ಕಾಯಿ ತುರಿಯುವ ಯಂತ್ರ ಇದೆಯಲ್ಲ, ಅದಕ್ಕೆ ಒಂದು ಕಡೆ ಮೂರ್ನಾಲ್ಕು ಇಂಚು ಅಂಚು ಹೊರಗೆ ಚಾಚಿರಬೇಕು. ಪ್ಲೈವುಡ್ಡೂ ಕಲ್ಲೂ ಸೇರಿ ಒಂದೂವರೆ ಇಂಚು ದಪ್ಪ ಆಗುತ್ತದೆ. ಕೆಲವು ಯಂತ್ರಗಳ ಬಾಯಿ ಅಷ್ಟು ಅಗಲ ತೆರೆಯುವುದಿಲ್ಲ. ಆಗ ಆ ಕಡೆ ಪ್ಲೈವುಡ್ ಸ್ವಲ್ಪ ಒಳಗೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಅಳತೆ ಕೊಡಲು ಹೋಗುವಾಗ ಆ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ನಕ್ಕರೆ ನಗಲಿ.

ನಮಸ್ಕಾರ.