ನೆಲದಡಿಯ ಕಲ್ನಾರು: ಹಳೆ ಮನೆ ಕೊಂಡವರ ಜೊತೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತಿನ ಘಮ ಆಗಲೇ ಬರುತ್ತಿದೆ, ಜಾಸ್ತಿ ಎಳೆಯುವುದಿಲ್ಲ. ಇವತ್ತಿನ ಮಾತು ನಮ್ಮ ಹಳೆ ಮನೆಗಳ ನೆಲದಲ್ಲಿ ಅಡಗಿರುವ ಆಸ್‌ಬೆಸ್ಟಾಸ್ ಬಗ್ಗೆ.

ನ್ಯೂಜೆರ್ಸಿಯಲ್ಲಿದ್ದು ಬ್ರಿಡ್ಜ್‌ವಾಟರ್ ಬಾಲಾಜಿ ಗುಡಿಗೆ ಹೋಗದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಅದರ ಹತ್ತಿರವೇ ಮ್ಯಾನ್‌ವಿಲ್ ಅಂತ ಒಂದು ಪುಟ್ಟ ಊರಿದೆ. ಆ ಹೆಸರು ಜಾನ್ಸ್-ಮ್ಯಾನ್‌ವಿಲ್ ಕಂಪನಿಯಿಂದ ಬಂದದ್ದು. ಆಸ್‌ಬೆಸ್ಟಾಸ್ ಸಾಮಾನು ಮಾಡುವ ಅವರ ದೊಡ್ಡ ಕಾರ್ಖಾನೆ ಅಲ್ಲಿತ್ತು. ಇನ್ನೂ ಉತ್ತರಕ್ಕೆ ಹೋದರೆ ಪ್ಯಾಟರ್‌ಸನ್. ಅಲ್ಲಿ ಡಾಕ್ಟರ್ ಇರ್ವಿಂಗ್ ಸೆಲಿಕಾಫ್ ಅವರ ಬಳಿಗೆ ಆಸ್‌ಬೆಸ್ಟಾಸ್ ಕಾರ್ಖಾನೆಯ ಕೆಲಸಗಾರರು ಬರುತ್ತಿದ್ದರು. ಆ ಜಾಡು ಹಿಡಿದು ಹೋದ ಅವರು, ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಕೆಲಸದವರಲ್ಲಿ ಕ್ಯಾನ್ಸರ್ ಎಷ್ಟು ಜಾಸ್ತಿ ಎಂದು 1964ರಲ್ಲಿ ತೋರಿಸಿಕೊಟ್ಟರು. ಮುಂದೆ, ಗಂಡನ ಕೆಲಸದ ಬಟ್ಟೆ ಒಗೆದ ಹೆಂಗಸರಿಗೂ ಕಾಯಿಲೆ ಬಂದದ್ದು ಗೊತ್ತಾಯಿತು. ಸುಮ್ನೆ ಬಟ್ಟೆ ಕೊಡವಿದ್ದಕ್ಕೆ!

ಕನ್ನಡದಲ್ಲಿ ಇದಕ್ಕೆ ಕಲ್ನಾರು ಅಂತಾರೆ. ಕಲ್ಲಿನ ನಾರು. ಎಷ್ಟು ಸರಿಯಾದ ಹೆಸರು, ಅಲ್ವಾ? ನಮ್ಮ ಹೊಳೆನರಸೀಪುರದ ಕಡೆಯೂ ಒಂದು ಕಾಲಕ್ಕೆ ಇದನ್ನು ಅಗೆದು ತೆಗೆಯುತ್ತಿದ್ದರು. ಬೆಂಕಿಗೆ ಜಗ್ಗುವುದಿಲ್ಲ, ಬೇಗ ಸವೆಯುವುದಿಲ್ಲ, ಅಗ್ಗ. ಹಾಗಾಗಿ 1980ರವರೆಗೂ ಇಲ್ಲಿನ ನೆಲದ ಟೈಲ್ಸ್‌ಗೆ, ಅದರ ಅಂಟಿಗೆ, ನೆಲಕ್ಕೆ ಹಾಸುವ ವಿನೈಲ್ (ಪ್ಲಾಸ್ಟಿಕ್) ಶೀಟಿನ ಬೆನ್ನಿಗೆ ಇದನ್ನೇ ಬೆರೆಸಿದರು.

ಈಗ ನನ್ನ ದಡ್ಡತನ ಹೇಳುತ್ತೇನೆ. ನಮ್ಮದು 1958ರ ಮನೆ. ಬೇಸ್‌ಮೆಂಟಿನ ಕಾರ್ಪೆಟ್ ಕಿತ್ತಾಗ ಕೆಳಗೆ ಹಸಿರು ಟೈಲ್ಸ್ ಕಂಡವು. ಶನಿವಾರ ಬೆಳಿಗ್ಗೆ, ಕೈಯಲ್ಲಿ ಸ್ಕ್ರೇಪರ್, ಫೋನಿನಲ್ಲಿ ಹಳೇ ಹಾಡು. ಟಪ್ ಟಪ್ ಅಂತ ಆರು ಟೈಲ್ಸ್ ಎಬ್ಬಿಸಿದೆ, ಎರಡು ಮುರಿದವು. ಕೆಳಗೆ ಟಾರಿನಂಥ ಕಪ್ಪು ಅಂಟು. ಪುಡಿಯನ್ನೆಲ್ಲ ಪೊರಕೆ ತಗೊಂಡು ಗುಡಿಸಿದೆ. ಆಮೇಲೆ ಟೇಪ್ ಹಿಡಿದು ಅಳೆದರೆ ಸರಿಯಾಗಿ 9 ಇಂಚು. ಎದೆ ಧಸಕ್ಕೆಂದಿತು. 9 ಇಂಚಿನ ಟೈಲ್, ಕಪ್ಪು ಅಂಟು ಎರಡೂ ಸೇರಿದರೆ ಅನುಮಾನ ಪಡಲೇಬೇಕು. ಲ್ಯಾಬ್ ರಿಪೋರ್ಟ್ ಬಂತು. ಟೈಲಿನಲ್ಲೂ ಇತ್ತು, ಅಂಟಿನಲ್ಲೂ ಇತ್ತು.

ಒಂದು ಬೆಳಗಿನ ಕೆಲಸಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದು ನಿಮ್ಮನ್ನು ಹೆದರಿಸುವುದಿಲ್ಲ. ವರ್ಷಗಟ್ಟಲೆ ಆ ಧೂಳು ಕುಡಿದವರಿಗೇ ಅಪಾಯ ಜಾಸ್ತಿ. ಆದರೆ ಕಾಯಿಲೆ ತಲೆ ಎತ್ತುವುದು 20, 30, 40 ವರ್ಷ ಕಳೆದ ಮೇಲೆ. ಅವತ್ತು ಬೇಸ್‌ಮೆಂಟಿನಲ್ಲಿ ನನ್ನ ಹಿಂದೆಯೇ ಓಡಾಡುತ್ತಿದ್ದ ಮಗನಿಗೆ ಐದು ವರ್ಷ.

ಟೈಲ್ ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೆ ನಡೆದರೆ ಏನೂ ಆಗುವುದಿಲ್ಲ. ನಾರು ಅದರೊಳಗೇ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿ ಗಾಳಿಗೆ ಬಿಡುವುದು ನಾವೇ: ಸ್ಯಾಂಡರ್, ಗ್ರೈಂಡರ್, ಡ್ರಿಲ್, ಒಣ ಪೊರಕೆ. ಮಾಮೂಲಿ ವ್ಯಾಕ್ಯೂಮ್ ಅಂತೂ ಇನ್ನೂ ಕೆಟ್ಟದ್ದು, ಈ ಕಡೆ ಎಳೆದು ಆ ಕಡೆ ಊದುತ್ತದೆ. ಶೀಟ್ ವಿನೈಲ್ ಬಗ್ಗೆ ಇನ್ನೂ ಹುಷಾರು. ಅದರ ಬೆನ್ನಿನ ಬೂದು ಬಣ್ಣದ ಕಾಗದದಂಥ ಪದರ ಹರಿದರೆ ಟೈಲಿಗಿಂತ ಸುಲಭವಾಗಿ ಧೂಳಾಗುತ್ತದೆ.

ಕಣ್ಣಿಂದ ನೋಡಿ ಹೇಳಲಾಗುವುದಿಲ್ಲ. ಗೊತ್ತಿರುವವರನ್ನು ಕರೆಸಿ ಸ್ಯಾಂಪಲ್ ತೆಗೆಸುವುದೇ ಒಳ್ಳೆಯದು. ಅವರು ಜಾಗವನ್ನು ಒದ್ದೆ ಮಾಡಿ, ಉಗುರಿನಷ್ಟು ಚೂರನ್ನು ಅಂಟಿನ ಸಮೇತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಶೇಕಡಾ 1ಕ್ಕಿಂತ ಜಾಸ್ತಿ ಇದ್ದರೆ ಅಮೆರಿಕದ ನಿಯಮದ ಪ್ರಕಾರ ಅದು ಆಸ್‌ಬೆಸ್ಟಾಸ್ ಸಾಮಾನು.

ಇದೆ ಅಂತಾದರೆ ಏನು ಮಾಡುವುದು? ನನ್ನ ಉತ್ತರ: ಕೀಳಬೇಡಿ, ಮುಚ್ಚಿ. ಮೇಲೆ ‘ತೇಲುವ’ ಹೊಸ ಫ್ಲೋರ್ ಹಾಕಿಸಿ, ಅಂದರೆ ಕೆಳಗಿನ ನೆಲಕ್ಕೆ ಅಂಟಿಸದೆ, ಮೊಳೆ ಹೊಡೆಯದೆ ಸುಮ್ಮನೆ ಕೂರಿಸುವಂಥದ್ದು. ಕೀಳಲೇಬೇಕಾದರೆ ಲೈಸೆನ್ಸ್ ಇರುವವರನ್ನು ಕರೆಸಿ, ಮೊದಲು ಟೌನ್‌ಶಿಪ್ ಆಫೀಸಿನಲ್ಲಿ ನಿಯಮ ಕೇಳಿ. ಸರಿಯಾಗಿ ಮಾಡುವವರನ್ನು ಗುರುತಿಸುವುದು ಸುಲಭ. ಅವರು ಹೀಟಿಂಗ್ ಆಫ್ ಮಾಡಿ ಗಾಳಿಯ ಕಿಂಡಿಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚುತ್ತಾರೆ. ಸೋಪು ಬೆರೆಸಿದ ನೀರಲ್ಲಿ ನೆಲವನ್ನು ಒದ್ದೆಯಾಗಿಟ್ಟು, ಟೈಲನ್ನು ಇಡಿಯಾಗಿ ಎಬ್ಬಿಸಲು ನೋಡುತ್ತಾರೆ. ಮುಖಕ್ಕೆ ತೀರಾ ಸಣ್ಣ ಧೂಳನ್ನೂ ತಡೆಯುವ ಪಿ-100 ಫಿಲ್ಟರ್ ಇರುವ ಮಾಸ್ಕ್. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಇಲ್ಲಿ ಲೆಕ್ಕಕ್ಕಿಲ್ಲ. ಕಿತ್ತದ್ದೆಲ್ಲ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ, ಅದನ್ನು ಇನ್ನೊಂದು ಚೀಲಕ್ಕೆ, ಮೇಲೆ ಲೇಬಲ್. "ಒಂದೇ ದಿನದಲ್ಲಿ ಕಿತ್ತು ಕಸಕ್ಕೆ ಎಸೀತೀವಿ ಸಾರ್" ಅಂದವರಿಗೆ ಕೆಲಸ ಕೊಡಬೇಡಿ. ಅಗ್ಗಕ್ಕೆ ಆಸೆಪಡೋರು ನಾವೇ, ನನಗೂ ಗೊತ್ತು.

ನಾನು ಮುಚ್ಚಿಸಿದೆ. ಕಿತ್ತಿದ್ದ ಆರು ಟೈಲ್ಸ್ ಜಾಗವನ್ನೂ ಸೀಲ್ ಮಾಡಿಸಿದೆ. ವಾಟರ್ ಹೀಟರ್ ಪಕ್ಕದ ಗೋಡೆ ಮೇಲೆ ದಪ್ಪ ಮಾರ್ಕರಿನಲ್ಲಿ ಇಂಗ್ಲಿಷಲ್ಲಿ ಬರೆದಿಟ್ಟಿದ್ದೇನೆ: ಈ ನೆಲದಡಿ ಆಸ್‌ಬೆಸ್ಟಾಸ್ ಟೈಲ್ಸ್ ಇದೆ, ಕೊರೆಯಬೇಡಿ. ಮನೆ ಮಾರುವಾಗ ಕೊಳ್ಳುವವರಿಗೆ ಆ ಗೋಡೆಯನ್ನೇ ಮೊದಲು ತೋರಿಸುವುದು ಎಂದು ಹೆಂಡತಿ ಈಗಲೇ ತೀರ್ಮಾನ ಮಾಡಿದ್ದಾಳೆ.

ಪ್ರಶ್ನೆ ಇದ್ದರೆ ಊಟ ಮಾಡ್ತಾ ಕೇಳಿ. ಟೈಲಿನ ಚೂರು ಮಾತ್ರ ಜೇಬಿನಿಂದ ತೆಗೆದು ತೋರಿಸಬೇಡಿ. ಹೋದ ಸಲ ಒಬ್ಬರು ತೋರಿಸಿದ್ದರು.